ಮಡಿಸಿದರೆ ಕೂಡದ ಬಾಗಿಲು

ಅವಳಿಗೆ ಪುಕ್ಕಲಕ್ಕ ಎಂದು ಹೆಸರಿಟ್ಟವರು ಅವಳ ಅತ್ತೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಗ್ಯಾಸ್ ಒಲೆ ಹಚ್ಚುವಾಗ ಕೈಯನ್ನು ಆದಷ್ಟು ದೂರಕ್ಕೆ ಚಾಚಿ, ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಲೈಟರ್ ಒತ್ತುತ್ತಿದ್ದಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಒಲೆ ಹಚ್ಚುತ್ತಿದ್ದೀಯೋ ಬಾಂಬಿಗೆ ಬತ್ತಿ ಇಡುತ್ತಿದ್ದೀಯೋ ಎಂದು ಕೇಳಿ, ಆ ಕತೆಯನ್ನು ಕಟ್ಟಡದ ಎಲ್ಲ ಮನೆಗಳಿಗೂ ಹಂಚಿಬಂದಿದ್ದರು. ಅಂದಿನಿಂದ ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ಅವಳು ಪುಕ್ಕಲಕ್ಕ. ಅವಳೂ ಬೇಸರಪಟ್ಟುಕೊಳ್ಳಲಿಲ್ಲ. ಇರುವುದನ್ನೇ ಹೇಳಿದ್ದಾರೆ, ತಪ್ಪೇನು ಎಂದುಕೊಂಡಳು.

ನಿಜಕ್ಕೂ ಅವಳು ಹೆದರದ ವಸ್ತು ಕಡಿಮೆ. ಮಲಗಿದ್ದ ನಾಯಿಗೂ ಹೆದರುತ್ತಿದ್ದಳು, ಓಡುವ ನಾಯಿಗೂ ಹೆದರುತ್ತಿದ್ದಳು. ಫೋನು ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದುಕೊಂಡರೆ ಎದೆ ಧಸಕ್ಕೆನ್ನುತ್ತಿತ್ತು. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು. ಅವನು ಬರುವವರೆಗೂ ಅವಳ ಕಿವಿ ಮೆಟ್ಟಿಲ ಕಡೆಗೇ ಇರುತ್ತಿತ್ತು, ಅವನ ಚಪ್ಪಲಿಯ ಸದ್ದು ಕೇಳಿದ ಮೇಲೆಯೇ ನೆಮ್ಮದಿಯಾಗಿ ಕೂರುತ್ತಿದ್ದಳು. ಬಾವಿಗೆ ಬಿದ್ದವಳಲ್ಲ, ನಾಯಿ ಕಚ್ಚಿಸಿಕೊಂಡವಳಲ್ಲ. ಕೆಲವರಿಗೆ ಹುಟ್ಟಿನಿಂದಲೇ ಗುಂಗುರು ಕೂದಲು ಇರುವ ಹಾಗೆ ಅವಳಿಗೆ ಹೆದರಿಕೆ ಇತ್ತು, ಅಷ್ಟೆ.

ಆದರೆ ಅದರಿಂದ ಒಂದು ಅನುಕೂಲವೂ ಇತ್ತು. ಅವಳು ಬೀದಿ ಕೊನೆಯ ಬಟ್ಟೆ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು, ಕೋಟಿನ ಸೊಂಟ ಬಿಗಿ ಮಾಡುವುದು, ಇಂಥವು. ಎಲ್ಲಿ ತಪ್ಪಿಬಿಡುತ್ತದೋ ಎಂಬ ದಿಗಿಲಿನಿಂದ ಅವಳು ಒಂದನ್ನು ಮತ್ತೆ ಮತ್ತೆ ಅಳೆಯುತ್ತಿದ್ದಳು. ಅಂಗಡಿಯ ಯಜಮಾನಿ ಇವಳ ಕೈಗೆ ಕೊಟ್ಟ ಬಟ್ಟೆಯನ್ನು ಮತ್ತೆ ಬಿಚ್ಚಿ ನೋಡುತ್ತಲೇ ಇರಲಿಲ್ಲ.

ಪುಕ್ಕಲಕ್ಕನ ಮಗಳಿಗೆ ಕಾಮಾಲೆಯಾಯಿತು. ಜ್ವರ ಇಳಿದು ಕಣ್ಣಿನ ಹಳದಿ ಕಡಿಮೆಯಾದ ಮೇಲೂ, ಓಡಕೂಡದು, ಜಿಗಿಯಕೂಡದು, ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದರು. ಎರಡನೇ ತರಗತಿಯ ಹುಡುಗಿ ಹಾಸಿಗೆಯಲ್ಲಿ ಎಷ್ಟು ದಿನ ಇರುತ್ತಾಳೆ? ಅಜ್ಜಿಯ ಕತೆಗಳೆಲ್ಲ ಮುಗಿದವು. ಬಣ್ಣ ಹಚ್ಚುವ ಪುಸ್ತಕ ಮುಗಿಯಿತು. ಆಮೇಲೆ ಅವಳು ಬೊಂಬೆಮನೆ ಬೇಕೆಂದು ಹಟ ಹಿಡಿದಳು. ಅಪ್ಪ ಪೇಟೆಯಿಂದ ತರುತ್ತೇನೆ ಎಂದರೆ ಅದು ಬೇಡವಂತೆ. ಅಂಗಡಿಯ ಬೊಂಬೆಮನೆಯೆಲ್ಲ ಗುಲಾಬಿ ಬಣ್ಣ, ಅದರಲ್ಲಿ ಅಜ್ಜಿಯ ಕುರ್ಚಿ ಇರುವುದಿಲ್ಲ.

"ನಮ್ಮನೆ ಥರಾನೇ ಇರಬೇಕು," ಎಂದಳು. "ನಿಜವಾಗ್ಲೂ ನಮ್ಮನೆ ಥರ."

ಹಾಗೆ ಅಮ್ಮನ ಕೆಲಸ ಶುರುವಾಯಿತು. ಹಣ್ಣಿನಂಗಡಿಯವನು ಬಿಸಾಡಿದ್ದ ತೆಳು ಹಲಗೆಯ ಪೆಟ್ಟಿಗೆಯನ್ನು ತಂದು ಮೊಳೆ ಕಿತ್ತು, ಉಜ್ಜಿ ನುಣುಪು ಮಾಡಿದಳು. ಒಳಗೋಡೆಗಳಿಗೆ ದಪ್ಪ ರಟ್ಟು. ಅಂಗಡಿಯ ಅಳತೆ ಟೇಪಿನಿಂದ ಮನೆಯನ್ನೆಲ್ಲ ಅಳೆದು ಅಡಿಗೆ ಒಂದು ಇಂಚು ಎಂದು ಲೆಕ್ಕ ಹಿಡಿದಳು. ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿದರೆ ಬಟ್ಟೆಯ ಬೀರು ಆಯಿತು. ಎಳೆಯಲು ಪ್ರತಿ ಖಾನೆಗೂ ಒಂದು ಮಣಿ. ಮುರಿದ ಕನ್ನಡಕದ ಡಬ್ಬಿಯ ಮುಚ್ಚಳ ಮಂಚವಾಯಿತು, ಗಂಡನ ಹರಿದ ಅಂಗಿಯ ಕಾಲರಿನೊಳಗೆ ಹತ್ತಿ ತುರುಕಿದರೆ ಹಾಸಿಗೆ. ಖಾಲಿ ದಾರದ ರೀಲಿನ ಮೇಲೆ ದೊಡ್ಡ ಕೋಟುಗುಂಡಿ ಅಂಟಿಸಿ ಊಟದ ಮೇಜು, ಅಂಗಿಗುಂಡಿಗಳು ತಟ್ಟೆ. ಟೂತ್‌ಪೇಸ್ಟಿನ ಮುಚ್ಚಳ ಬಚ್ಚಲಿನ ಬಕೆಟ್ಟು. ಅತ್ತೆಯ ಮಾತ್ರೆಗಳ ಖಾಲಿ ಹಾಳೆಯಿಂದ ಒಂದೊಂದೇ ಗುಳಿ ಕತ್ತರಿಸಿ ತೆಗೆದರೆ ಗಾಜಿನ ಬಟ್ಟಲುಗಳ ಹಾಗೆ ಮಿಂಚುತ್ತಿದ್ದವು. ನಿಂತುಹೋದ ಕೈಗಡಿಯಾರದ ಮುಖ ಗೋಡೆಗೆ ಏರಿತು. ಮುರಿದ ಜಿಪ್ಪಿನ ಹಲ್ಲುಗಳು ಬಾಲ್ಕನಿಯ ಕಂಬಿ. ಅಜ್ಜಿಯ ಕುರ್ಚಿಗೆ ಬಟ್ಟೆ ಕ್ಲಿಪ್ಪುಗಳನ್ನು ಬಿಚ್ಚಿ, ಹಿಂದುಮುಂದಾಗಿ ಅಂಟಿಸಿ, ಬೆನ್ನಿಗೊಂದು ದಿಂಬನ್ನೂ ಹೊಲಿದಳು.

ಅತ್ತೆ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ ನೋಡಿದರು. ನನ್ನ ಕುರ್ಚಿಗಿಂತ ಇದೇ ಗಟ್ಟಿಯಾಗಿದೆಯಲ್ಲ, ಇಷ್ಟು ಚಿಕ್ಕವಳಾಗಲು ಏನು ತಿನ್ನಬೇಕು ಹೇಳು ಎಂದರು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ಅಷ್ಟು ನಕ್ಕದ್ದು ಅದೇ ಮೊದಲು.

ಅದೇ ದಿನಗಳಲ್ಲಿ ಕೆಳಗೆ ಕೊರೆಯುವ ಯಂತ್ರದ ಸದ್ದು ಶುರುವಾಯಿತು. ಅವರದು ಹಳೆಯ ಕಟ್ಟಡ. ನೆಲಮಹಡಿಯಲ್ಲಿ ಹಾಸಿಗೆ ಅಂಗಡಿ, ಅದರ ಮೇಲೆ ಕಟ್ಟಡದ ಮಾಲೀಕ ಮತ್ತು ಅವನ ಹೆಂಡತಿ, ಅದರ ಮೇಲೆ ಇವರು, ತುದಿಯಲ್ಲಿ ಸಂಗೀತದ ಮೇಷ್ಟ್ರು. ಹಾಸಿಗೆ ಅಂಗಡಿಯವನು ಅಂಗಡಿಯನ್ನು ಹಿಂದಿನವರೆಗೂ ಒಂದೇ ಹಾಲ್ ಮಾಡಿಸುತ್ತಿದ್ದಾನೆ ಎಂದು ಮಾಲೀಕನೇ ಹೇಳಿದ್ದ. ದಿನವಿಡೀ ಸದ್ದು, ಮೆಟ್ಟಿಲ ತುಂಬ ಧೂಳು. ಅಜ್ಜಿ ಕಿವಿಗೆ ಹತ್ತಿ ಇಟ್ಟುಕೊಂಡರು.

ಬೊಂಬೆಮನೆಗೆ ಅಡುಗೆಮನೆಯ ಬಾಗಿಲು ಮಾಡುವಾಗ ಅವಳು ಅಂಗಡಿಯ ಒಂದು ಉಪಾಯ ಬಳಸಿದಳು. ಯಾರಾದರೂ ಹಳೆಯ ಕೋಟು ತಂದು ಇದೇ ಅಳತೆಗೆ ಇನ್ನೊಂದು ಬೇಕೆಂದರೆ, ಹಳೆಯ ಪೇಪರನ್ನು ಅದರ ಮೇಲೆ ಹಾಸಿ ನಮೂನೆ ಕತ್ತರಿಸಿಕೊಳ್ಳುತ್ತಾರೆ. ಹಾಗೆಯೇ ಪೇಪರುಗಳನ್ನು ಅಂಟಿಸಿ ಬಾಗಿಲ ಚೌಕಟ್ಟಿಗೆ ಹಚ್ಚಿ, ಬೆರಳಿನಿಂದ ಅಂಚು ಒತ್ತಿ, ಕತ್ತರಿಸಿ ತೆಗೆದಳು. ನೆಲದ ಮೇಲೆ ಹಾಸಿ, ಅಭ್ಯಾಸದಂತೆ ನಡುವೆ ಮಡಿಸಿದಳು. ನಮೂನೆ ಸರಿಯಿದ್ದರೆ ಎಡಬಲ ಕೂಡಬೇಕು. ಕೂಡಲಿಲ್ಲ. ಒಂದು ಬದಿ ಇನ್ನೊಂದಕ್ಕಿಂತ ಬೆರಳಗಲ ಕೆಳಗೆ ಜೋತುಬಿದ್ದಿತ್ತು.

ಕೈ ತಪ್ಪಿತು ಎಂದುಕೊಂಡಳು. ಮತ್ತೊಂದು ಕತ್ತರಿಸಿದಳು. ಅದೂ ಹಾಗೆಯೇ. ಹಳೆಯ ಮನೆ, ಹಳೆಯ ಬಡಗಿಯ ಕೆಲಸ ಹೀಗೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು ಆ ಪೇಪರನ್ನು ಬೀರುವಿನ ಹಿಂದೆ ಇಟ್ಟಳು. ಆದರೆ ಮನಸ್ಸಿನಲ್ಲಿ ಏನೋ ಕೊರೆಯಿತು. ಬಚ್ಚಲ ಬಾಗಿಲು ಈಚೆಗೆ ನೆಲ ಕೆರೆಯುತ್ತಿತ್ತು. ಹವೆಗೆ ಮರ ಉಬ್ಬಿದೆ ಎಂದು ಅತ್ತೆ ಹೇಳಿದ್ದರು. ಅಡುಗೆಮನೆಯ ಮೂಲೆಯಲ್ಲಿ ಸುಣ್ಣ ಉದುರುತ್ತಿತ್ತು. ಹಳೆಯ ಗೋಡೆ ಎಂದಿದ್ದರು.

ಮಗಳು ಎದ್ದು ಕೂರುವಷ್ಟು ಚೇತರಿಸಿಕೊಂಡಾಗ, ಒಂದು ಭಾನುವಾರ, ಅವಳು ಯಾರಿಗೂ ಹೇಳದೆ ಅದೇ ಚೌಕಟ್ಟಿಗೆ ಮತ್ತೆ ಪೇಪರು ಹಚ್ಚಿದಳು. ಕತ್ತರಿಸಿ, ಹಳೆಯದನ್ನು ತೆಗೆದು ಅದರ ಮೇಲೆ ಹಾಸಿದಳು. ಹೊಸದು ಹಳೆಯದಕ್ಕಿಂತ ಇನ್ನೂ ಜೋತುಬಿದ್ದಿತ್ತು.

ಗೋಡೆಗೆ ಒರಗಿ ಕೂತವಳು ಥಟ್ಟನೆ ಗೋಡೆ ಬಿಟ್ಟು ಈಚೆ ಬಂದಳು. ಇಷ್ಟು ದಿನ ಅವಳು ಹೆದರಿದ್ದು ಆಗಬಹುದಾದ್ದಕ್ಕೆ. ಇದು ಆಗುತ್ತಿರುವುದು. ಮರ ಉಬ್ಬಿದರೆ ಬಾಗಿಲು ದಪ್ಪವಾಗಬಹುದು, ಚೌಕಟ್ಟು ವಾಲುವುದಿಲ್ಲ. ಮನೆಯ ಹಿಂಭಾಗ ಕೆಳಗಿಳಿಯುತ್ತಿದೆ ಎಂದು ಅವಳಿಗೆ ತಣ್ಣಗೆ ಗೊತ್ತಾಯಿತು.

ಕೆಳಗೆ ಹೋಗಿ ನೋಡಿದಳು. ಹಾಸಿಗೆ ಅಂಗಡಿಯ ಹಿಂದಿನ ಗೋಡೆ ಇರಲಿಲ್ಲ. ಅವಳ ಅಡುಗೆಮನೆಯ ನೇರ ಕೆಳಗೆ, ಗೋಡೆ ಇದ್ದ ಜಾಗದಲ್ಲಿ, ಮೇಲಿನ ಭಾರ ಹೊರಲು ಕಬ್ಬಿಣದ ಊರೆಗಳು ನಿಂತಿದ್ದವು. ಒಂದರ ಬುಡದಲ್ಲಿ ಎತ್ತರ ಸಾಲದೆ ಹಲಗೆಯ ಚೂರುಗಳನ್ನು ಒಂದರ ಮೇಲೊಂದು ಇಟ್ಟಿದ್ದರು, ಅವಳು ಬೆಂಕಿಪೊಟ್ಟಣಗಳನ್ನು ಇಟ್ಟ ಹಾಗೆ.

ಮಾಲೀಕ ಕೆಟ್ಟವನಲ್ಲ. ಕೂರಿಸಿ, ನೀರು ಕೊಟ್ಟು, ಅವಳು ಹೇಳಿದ್ದನ್ನೆಲ್ಲ ಕೇಳಿದ. ಪೇಪರುಗಳನ್ನೂ ನೋಡಿದ. ಕೆಲಸದವರು ತಿಳಿದವರು, ಇಂಥ ಎಷ್ಟೋ ಕಟ್ಟಡ ಮಾಡಿದ್ದಾರೆ, ಉಕ್ಕಿನ ತೊಲೆ ಬರುವವರೆಗೆ ಮಾತ್ರ ಈ ಊರೆ ಎಂದ. ಆಮೇಲೆ ಒಂದು ಮಾತು ಕೇಳಿದ.

"ನೋಡಮ್ಮ, ಅದರ ಮೇಲೆ ಮೊದಲು ಮಲಗೋದು ನಾನು, ನನ್ನ ಹೆಂಡ್ತಿ. ನನ್ನ ಜೀವದ ಮೇಲೆ ನನಗೇ ಆಸೆ ಇಲ್ವಾ?"

ಗಂಡ ಬಂದಾಗ ಅವನಿಗೂ ಹೇಳಿದಳು. ಅವನು ಪೇಪರು ಮಡಿಸಿ ನೋಡಿದ, ಬಿಚ್ಚಿ ನೋಡಿದ. ಅವನು ರೇಗುವವನಲ್ಲ, ಬಸ್ಸಿನಲ್ಲಿ ಸಾವಿರ ಜನರ ಕಿರಿಕಿರಿ ಕೇಳಿ ಕೇಳಿ ತಾಳ್ಮೆ ಬಂದವನು. ಆದರೆ ಅವನ ದನಿಯಲ್ಲಿ ಸುಸ್ತು ಇತ್ತು. ಕೆಲವು ತಿಂಗಳ ಹಿಂದೆ ಗ್ಯಾಸ್ ವಾಸನೆ ಎಂದಿದ್ದಳು, ಮೆಕ್ಯಾನಿಕ್ಕು ಬಂದು ಏನೂ ಇಲ್ಲವೆಂದು ಹೋದ. ಅದಕ್ಕೂ ಮುಂಚೆ ಗೋಡೆಯೊಳಗೆ ವೈರು ಸುಡುತ್ತಿದೆ ಎಂದಿದ್ದಳು, ಅದು ಮೇಷ್ಟ್ರು ಹಚ್ಚಿದ ಸೊಳ್ಳೆಬತ್ತಿಯ ವಾಸನೆ. ಅದನ್ನೆಲ್ಲ ಅವನು ಎತ್ತಿ ಆಡಲಿಲ್ಲ. ಮುಂದಿನ ಸಲ ಬಂದಾಗ ಯಾರನ್ನಾದರೂ ಕರೆಸಿ ತೋರಿಸೋಣ ಎಂದಷ್ಟೇ ಹೇಳಿದ. ಆದರೆ ಅವನು ಹೇಳದ್ದು ಅವಳಿಗೆ ಕೇಳಿಸಿತು. ಇದ್ದಬದ್ದ ಹೆದರಿಕೆಯನ್ನೆಲ್ಲ ಅವಳು ಚಿಲ್ಲರೆ ಚಿಲ್ಲರೆಯಾಗಿ ಖರ್ಚು ಮಾಡಿಬಿಟ್ಟಿದ್ದಳು. ಈಗ ನಿಜವಾದ ಹೊತ್ತಿಗೆ ಅದನ್ನು ಯಾರೂ ತೆಗೆದುಕೊಳ್ಳುವ ಹಾಗಿರಲಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವೋ ಅವಳಿಗೇ ಗೊತ್ತು. ಅಂಗಡಿಯಲ್ಲಿ ಸೂಜಿ ಬೆರಳಿಗೆ ಚುಚ್ಚಿಕೊಳ್ಳುತ್ತಿದ್ದಳು. ಊಟದ ಹೊತ್ತಿಗೆ ಬೀದಿಗೆ ಬಂದು, ಕಟ್ಟಡ ಇದ್ದಲ್ಲೇ ಇದೆಯೇ ಎಂದು ನೋಡಿಹೋಗುತ್ತಿದ್ದಳು. ಮನೆಯಲ್ಲಿ ಮೆಲ್ಲಗೆ ನಡೆಯುತ್ತಿದ್ದಳು, ತನ್ನ ಭಾರವೂ ಒಂದು ಭಾರ ಎನ್ನುವ ಹಾಗೆ. ಮಗಳ ಮಂಚವನ್ನು ಬೀದಿಯ ಕಡೆಗೆ ಎಳೆದು ಹಾಕಿದಳು. ಗಾಳಿ ಬರಲಿ ಎಂದು ನೆಪ ಹೇಳಿದಳು. ಬೊಂಬೆಮನೆಯ ಅಡುಗೆಮನೆ ಮಾತ್ರ ಉಳಿದಿತ್ತು. ಅದನ್ನು ಭಾನುವಾರದ ಹೊಸ ನಮೂನೆಯ ಪ್ರಕಾರವೇ ಕತ್ತರಿಸಿ ಕೂರಿಸಿದಳು, ಅದರ ನೆಲವನ್ನೂ ಬಾಗಿಲಿಗೆ ಹೊಂದುವ ಹಾಗೆ ವಾಲಿಸಿದಳು. ಮಗಳು ನಿಜವಾದ ಮನೆಯೇ ಬೇಕೆಂದಿದ್ದಳಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ತಲೆಯಲ್ಲಿರುವುದು ಒಮ್ಮೆ ಕಣ್ಣಿಗೆ ಕಾಣಲಿ ಎಂದು ಅವಳಿಗೆ ಅನ್ನಿಸಿತ್ತು.

ಗಂಡ ಬೆಳಿಗ್ಗೆ ಬಸ್ಸು ಹತ್ತಿ ಹೋದ ಒಂದು ದಿನ ಬೊಂಬೆಮನೆ ಮುಗಿಯಿತು. ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದವಳು ಅದನ್ನು ಅಜ್ಜಿ ಮೊಮ್ಮಗಳ ನಡುವೆ ಮೇಜಿನ ಮೇಲಿಟ್ಟಳು. ಅತ್ತೆ ಕನ್ನಡಕ ಏರಿಸಿ ನೋಡಿ, ಎಲ್ಲ ಚೆನ್ನಾಗಿದೆ, ಹಿಂದುಗಡೆ ಯಾಕೆ ಸೊಟ್ಟ ಮಾಡಿದ್ದೀಯ ಎಂದರು.

ಅಳತೆ ಹಾಗೇ ಇದೆ ಎಂದು ಅವಳು ಹೇಳುವುದರೊಳಗೆ ಮಗಳು ಒಂದು ಮಣಿಯನ್ನು ಬೊಂಬೆಯ ಚೆಂಡೆಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟಳು. ಅದು ತಾನಾಗಿ ಉರುಳಿ ಹೋಗಿ ಹಿಂದಿನ ಗೋಡೆಗೆ ಬಡಿಯಿತು.

"ನಮ್ಮನೇಲೂ ಹೀಗೇ ಅಲ್ವಾ ಅಜ್ಜಿ?" ಎಂದಳು ಹುಡುಗಿ. "ನನ್ನ ಪೆನ್ಸಿಲ್ ದಿನಾ ಅಡುಗೆಮನೆ ಒಲೆ ಕೆಳಗೇ ಹೋಗತ್ತೆ."

ಸೊಸೆ ಅತ್ತೆಯ ಮುಖ ನೋಡಿದಳು. ಅದರಲ್ಲಿ ತಮಾಷೆ ಇರಲಿಲ್ಲ. ಯಾವುದಕ್ಕೂ ಜಗ್ಗದ ಆ ಮುದುಕಿ ಪಕ್ಕದಲ್ಲಿದ್ದ ಊರುಗೋಲನ್ನು ತೊಡೆಯ ಮೇಲೆ ಎಳೆದುಕೊಂಡರು.

"ನನ್ನ ಕೋಲು ಗೋಡೆಗೆ ಒರಗಿಸಿಟ್ರೆ ಒಂದೇ ಕಡೆ ಜಾರಿ ಬೀಳ್ತಿತ್ತು ಕಣೇ," ಎಂದರು. "ಅಡುಗೆಮನೆಗೆ ಹೋದ್ರೆ ಯಾರೋ ಹಿಂದಿನಿಂದ ತಳ್ಳಿದ ಹಾಗಾಗ್ತಿತ್ತು. ತಲೆಸುತ್ತು, ಇನ್ನು ನನ್ನ ಕಾಲ ಮುಗೀತು ಅನ್ಕೊಂಡೆ. ಹೇಳಿದ್ರೆ ನೀನು ಇನ್ನೂ ಹೆದರ್ತೀಯ ಅಂತ ಸುಮ್ಮನಿದ್ದೆ."

ಒಂದೇ ಸೂರಿನಡಿ ಇಬ್ಬರೂ ಬೇರೆ ಬೇರೆಯಾಗಿ ಹೆದರಿಕೊಂಡು ಕೂತಿದ್ದರು. ಕೆಳಗೆ ಯಂತ್ರ ಮತ್ತೆ ಕೊರೆಯತೊಡಗಿತು. ಮೇಜಿನ ಮೇಲೆ ಮಾತ್ರೆಹಾಳೆಯ ಬಟ್ಟಲುಗಳು ಟಿಕಟಿಕ ಎಂದು ಅದುರಿದವು. ಅತ್ತೆ ಕೋಲು ಹಿಡಿದು ಎದ್ದು ನಿಂತರು. ಏಳು, ಮಗೂನ ಎತ್ತಿಕೋ ಎಂದರು.

ಮಗಳನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಅತ್ತೆಯನ್ನು ಹಿಡಿದು ಅವಳು ಮೆಟ್ಟಿಲಿಳಿದಳು. ಒಂದೊಂದು ಮೆಟ್ಟಿಲಿನಲ್ಲೂ ಈಗ ಬಿತ್ತು, ಈಗ ಬಿತ್ತು ಎನ್ನಿಸುತ್ತಿತ್ತು. ಅವರನ್ನು ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಟ್ಟು, ಅವಳು ವಾಪಸು ಬಂದಳು. ಬರಲೇಬೇಕಿತ್ತು. ಮೇಷ್ಟ್ರ ಮನೆಯಲ್ಲಿ ಪಾಠಕ್ಕೆ ಮಕ್ಕಳು ಕೂತಿದ್ದವು.

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಅವಳ ಮುಖ ನೋಡಿ, ಮಕ್ಕಳ ಕಡೆ ನೋಡಿ, ಬೇರೆಯವರ ಮಕ್ಕಳಮ್ಮ ಇವು, ನಾನು ಪಂಥ ಕಟ್ಟೋಕಾಗಲ್ಲ ಎಂದು ಎಲ್ಲರನ್ನೂ ಇಳಿಸಿದರು. ಹಾಸಿಗೆ ಅಂಗಡಿಯ ಕೆಲಸದವರು ಬೀದಿಗೆ ಬಂದು ಚಹಾ ಕುಡಿಯುತ್ತ ನಿಂತರು. ಮಾಲೀಕನಿಗೆ ಸಿಟ್ಟು ಬಂತು. ತನ್ನ ಕಟ್ಟಡದ ಮಾನ ಬೀದಿಗೆ ಬಂತೆಂದ. ಎಲ್ಲರೂ ನೋಡಲಿ ಎಂದು ಊರೆಗಳ ನಡುವೆ ಹೋಗಿ ನಿಂತು, ಒಂದನ್ನು ಕೈಯಿಂದ ಬಡಿದೂ ತೋರಿಸಿದ. ಏನೂ ಆಗಲಿಲ್ಲ.

ಸಂಜೆಯವರೆಗೂ ಏನೂ ಆಗಲಿಲ್ಲ. ಮಕ್ಕಳು ಮನೆಗೆ ಹೋದವು. ಯಾರೋ ನಕ್ಕರು, ಯಾರೋ ಪುಕ್ಕಲಕ್ಕನ ಕಟ್ಟಡ ಎಂದರು. ಮೇಷ್ಟ್ರು ತಮ್ಮನ ಮನೆಗೆಂದು ಹೋದರು. ಮಾರನೆಯ ಬೆಳಿಗ್ಗೆ ರಿಪೇರಿ ಅಂಗಡಿಯಿಂದ ಬಂದು ನೋಡಿದಾಗಲೂ ಕಟ್ಟಡ ನೆಟ್ಟಗೆ ನಿಂತಿತ್ತು, ಮಾಲೀಕನ ಹೆಂಡತಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಪುಕ್ಕಲಕ್ಕ ಬೀದಿಯಲ್ಲಿ ನಿಂತು ನೋಡುತ್ತಿದ್ದಾಗ, ಬೀಳಬಾರದೇ, ಒಮ್ಮೆ ಬಿದ್ದುಬಿಡಬಾರದೇ ಎಂದು ತನ್ನ ಮನಸ್ಸು ಬಯಸುತ್ತಿರುವುದು ಅವಳಿಗೆ ತಿಳಿಯಿತು. ಒಳಗೆ ಜನರಿದ್ದಾರೆ. ತನ್ನ ಮಾತು ನಿಜವಾಗಲಿ ಎಂದು ಅವರ ತಲೆಯ ಮೇಲೆ ಸೂರು ಬೀಳಲೆಂದು ಬಯಸಿದಳೇ? ಅವಳಿಗೆ ಕಟ್ಟಡಕ್ಕಿಂತ ತನ್ನ ಮೇಲೆಯೇ ಹೆಚ್ಚು ಭಯವಾಯಿತು. ಎಷ್ಟೋ ವರ್ಷದ ಮೇಲೂ ಇದೊಂದನ್ನು ಹೇಳುವಾಗ ಅವಳು ದನಿ ತಗ್ಗಿಸುತ್ತಿದ್ದಳು.

ಅಷ್ಟರಲ್ಲಿ ಗಂಡ ಬಂದ. ಖಾಕಿ ಅಂಗಿಯಲ್ಲೇ, ಬಸ್ಸಿಳಿದು ನೇರವಾಗಿ. ತಾಯಿಯಿಂದ ಎಲ್ಲ ಕೇಳಿದ ಮೇಲೆ ಅವನು ವಾದ ಮಾಡಲಿಲ್ಲ. ಆದರೆ ಅಮ್ಮನ ಮಾತ್ರೆ ಮೇಲೇ ಉಳಿದಿದೆ, ಒಂದು ನಿಮಿಷ, ತಂದುಬಿಡುತ್ತೇನೆ ಎಂದ. ಬೇಡ ಎಂದು ಅವಳು ಅವನ ತೋಳು ಹಿಡಿದಳು. ಬೀದಿಯ ಜನರೆಲ್ಲ ನೋಡುತ್ತಿದ್ದರು. ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ಹೋದ.

ಹೋದವನು ಬರಲಿಲ್ಲ. ಅವಳು ಮೇಲಿನ ಕಿಟಕಿಯನ್ನೇ ನೋಡುತ್ತ ನಿಂತಳು. ಕೊನೆಗೆ ಅವನ ಮುಖ ಕಂಬಿಗಳ ಹಿಂದೆ ಕಾಣಿಸಿತು. ಬಾಗಿಲು ತೆಗೆಯಕ್ಕೇ ಬರ್ತಿಲ್ಲ, ಒಳಗೆ ಬರುವಾಗ ಗಾಳಿಗೆ ಮುಚ್ಚಿಕೊಂಡಿತು ಎಂದು ಕೂಗಿ ನಕ್ಕ. ಮತ್ತೆ ಹೋಗಿ ಎಳೆದಿರಬೇಕು. ಎರಡನೆಯ ಸಲ ಕಿಟಕಿಗೆ ಬಂದಾಗ ಅವನು ನಗಲಿಲ್ಲ.

"ಚೌಕಟ್ಟು ಕಚ್ಚಿಕೊಂಡಿದೆ," ಎಂದ. "ಒಳಗಡೆ ಏನೋ ಸದ್ದು ಬರ್ತಿದೆ."

ಆಮೇಲೆ ಅವಳನ್ನು ಜನ ಕೇಳುತ್ತಿದ್ದರು, ಆಗ ಧೈರ್ಯ ಎಲ್ಲಿಂದ ಬಂತು ಎಂದು. ಧೈರ್ಯ ಬರಲೇ ಇಲ್ಲ ಎನ್ನುತ್ತಿದ್ದಳು. ಕಾಲು ನಡುಗುತ್ತಿದ್ದವು, ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಆ ನಡುಗುವ ಕಾಲುಗಳೇ ಓಡಿದವು. ಮೆಟ್ಟಿಲ ಬುಡದಲ್ಲಿ ಮಾಲೀಕ ಎದುರಾದ. ಅವನೂ ಕಿಟಕಿಯ ಮಾತು ಕೇಳಿದ್ದ. ಅವನ ಮುಖ ಸುಣ್ಣದ ಹಾಗಿತ್ತು. ಅವಳು ಏನೂ ಹೇಳಬೇಕಾಗಲಿಲ್ಲ, ಅವನು ಅಂಗಡಿಯೊಳಗಿನಿಂದ ಒಂದು ಹಾರೆ ಎಳೆದುಕೊಂಡು ಅವಳ ಹಿಂದೆಯೇ ಏರಿದ. ಏರುವಾಗ ತನ್ನ ಮನೆಯ ಬಾಗಿಲು ಬಡಿದು, ಇದ್ದ ಹಾಗೆಯೇ ಹೊರಗೆ ನಡಿ ಎಂದು ಹೆಂಡತಿಗೆ ಕೂಗಿದ.

ಗೋಡೆಯೊಳಗಿಂದ ಸದ್ದು ಬರುತ್ತಿತ್ತು. ಒಣಗಿದ ಬಟ್ಟೆಯನ್ನು ಯಾರೋ ನಿಧಾನವಾಗಿ ಹರಿಯುತ್ತಿರುವಂಥ ಸದ್ದು. ಸುಣ್ಣ ಅವರ ತಲೆಯ ಮೇಲೆ ಉದುರಿತು. ಮಾಲೀಕ ಬಾಗಿಲ ಸಂದಿಗೆ ಹಾರೆ ಕೊಟ್ಟು ಮೀಟಿದ, ಅವಳು ಅದರ ಮೇಲೆ ಮೈಯೆಲ್ಲ ಹಾಕಿ ಒತ್ತಿದಳು, ಗಂಡ ಒಳಗಿಂದ ಎಳೆದ. ಬಾಗಿಲು ಒಮ್ಮೆಗೇ ಸೀಳಿಕೊಂಡು ತೆರೆಯಿತು.

ಗಂಡನ ಜೇಬಿನಲ್ಲಿ ಮಾತ್ರೆಗಳಿದ್ದವು, ಎದೆಗೆ ಅವುಚಿಕೊಂಡದ್ದು ಬೊಂಬೆಮನೆ. ಮೆಟ್ಟಿಲು ಕಿರಿದು, ಅದು ಅಗಲ. ತಿರುವಿನಲ್ಲಿ ಸಿಕ್ಕಿಕೊಂಡಿತು. ಬಿಡಿ ಅದನ್ನ ಎಂದಳು. ಅವನು ಹಿಂದುಮುಂದು ನೋಡಿದ, ಮಗಳಿಗೆ ಎಂದೇನೋ ಹೇಳಹೊರಟ. ಅವಳು ಅದನ್ನು ಅವನ ಕೈಯಿಂದ ಕಿತ್ತು ಮೆಟ್ಟಿಲ ಮೇಲೆ ಬಿಟ್ಟು, ಅವನ ಅಂಗಿ ಹಿಡಿದು ಎಳೆದಳು. ಒಳಗಿನ ಪುಟ್ಟ ಸಾಮಾನುಗಳು ಚೆಲ್ಲಿ ಮೆಟ್ಟಿಲಿಂದ ಮೆಟ್ಟಿಲಿಗೆ ಕುಣಿಯುತ್ತ ಅವರ ಕಾಲಿಗಿಂತ ಮುಂದೆ ಇಳಿದವು.

ಅವರು ರಸ್ತೆಯ ಆಚೆ ಬದಿ ಮುಟ್ಟಿದ್ದರು. ಮಾಲೀಕನ ಹೆಂಡತಿ ಒದ್ದೆ ಕೈಯಲ್ಲೇ ಅವರ ಪಕ್ಕದಲ್ಲಿ ನಿಂತಿದ್ದಳು. ಮೊದಲು ಹಿಂದಿನಿಂದ ಒಂದು ಗುಡುಗು. ಆಮೇಲೆ ಕಟ್ಟಡದ ಹಿಂಭಾಗ, ಮೇಲಿನ ಮನೆ, ನಡುವಿನ ಮನೆ, ಕೆಳಗಿನ ಮನೆ, ಮೂರೂ ಒಂದೇ ಉಸಿರಿಗೆ ಕುಳಿತವು. ಧೂಳು ಬೀದಿಯನ್ನೆಲ್ಲ ತುಂಬಿ ಹಗಲು ಮಂಕಾಯಿತು. ಧೂಳು ಇಳಿದಾಗ ಮುಂಭಾಗ ಹಾಗೇ ನಿಂತಿತ್ತು, ಅದರ ಕಿಟಕಿಗಳಲ್ಲಿ ಆಕಾಶ ಕಾಣುತ್ತಿತ್ತು. ಹಾಸಿಗೆ ಅಂಗಡಿಯ ಕೆಲಸದವರು ಅಂದು ತೊಲೆ ತರಲೆಂದು ಹೋಗಿದ್ದರು. ಒಳಗೆ ಯಾರೂ ಇರಲಿಲ್ಲ.

ಮಾಲೀಕ ರಸ್ತೆಯಂಚಿನಲ್ಲಿ ಕುಸಿದು ಕೂತ. ಅವನ ಕೈ ಇನ್ನೂ ಹಾರೆ ಬಿಟ್ಟಿರಲಿಲ್ಲ. ಬಹಳ ಹೊತ್ತಿನ ಮೇಲೆ ತಲೆಯೆತ್ತಿ, ನಾನು ಅದನ್ನ ಕೈಯಿಂದ ಬಡಿದು ತೋರಿಸಿದೆನಲ್ಲಮ್ಮ ಎಂದ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಪಕ್ಕದಲ್ಲಿ ಕೂತಳು.

ಮಗಳು ದೊಡ್ಡ ಮನೆಗಾಗಿ ಅಳಲಿಲ್ಲ, ಪುಟ್ಟ ಮನೆಗಾಗಿ ದಿನವೆಲ್ಲ ಅತ್ತಳು. ಕ್ಲಿಪ್ಪಿನ ಕುರ್ಚಿ ಹೋಯಿತಲ್ಲ ಎಂದು ಅಜ್ಜಿಯೂ ಅವಳ ಜೊತೆ ಕಣ್ಣೊರೆಸಿಕೊಂಡರು. ಊರಿನ ಇನ್ನೊಂದು ತುದಿಯಲ್ಲಿ ಅವರಿಗೆ ಒಂದಂತಸ್ತಿನ ಮನೆ ಸಿಕ್ಕಿತು. ಅಲ್ಲಿ ಅವಳು ಚಪ್ಪಲಿ ಪೆಟ್ಟಿಗೆಯಲ್ಲಿ ಮತ್ತೊಂದು ಬೊಂಬೆಮನೆ ಮಾಡಿದಳು. ಈ ಸಲ ಏನನ್ನೂ ಅಳೆಯಲಿಲ್ಲ. ಮಗಳು ಹೇಳಿದ ಕಡೆ ಕಿಟಕಿ, ಮಗಳು ಹೇಳಿದಷ್ಟು ಬಾಗಿಲು.

ಅವಳ ಹೆದರಿಕೆ ಹೋಯಿತೆಂದು ಯಾರಾದರೂ ತಿಳಿದರೆ ತಪ್ಪು. ನಾಯಿ ಕಂಡರೆ ಈಗಲೂ ರಸ್ತೆ ದಾಟುತ್ತಾಳೆ. ಬದಲಾದವನು ಗಂಡ. ಹಗಲೆಲ್ಲ ಬಸ್ಸು ಓಡಿಸುವಾಗ ಏನೂ ಇಲ್ಲ, ಮನೆಗೆ ಬಂದು ಬಾಗಿಲು ಮುಚ್ಚಿದರೆ ಮುಗಿಯಿತು. ಬೆವರುತ್ತಾನೆ, ಎದ್ದು ಹೋಗಿ ಬಾಗಿಲು ತೆರೆದು ನೋಡುತ್ತಾನೆ, ಮತ್ತೆ ಮುಚ್ಚಿ ಮತ್ತೆ ತೆರೆಯುತ್ತಾನೆ. ಏನೂ ಇಲ್ಲ, ಬೋಲ್ಟು ನೋಡಿದೆ ಎನ್ನುತ್ತಾನೆ. ಅವನಿಗೆ ಹೆದರಿಕೆ ಎಂಬ ಈ ಸರಕು ಹೊಸದು, ಎಲ್ಲಿ ಇಡಬೇಕೆಂದು ಗೊತ್ತಿಲ್ಲ.

ಒಂದು ಸಂಜೆ ಅವನು ತಟ್ಟೆಯ ಮುಂದಿನಿಂದ ಮತ್ತೆ ಎದ್ದಾಗ ಅವಳು ತಡೆಯಲಿಲ್ಲ. ತಾನೂ ಎದ್ದು ಹೋಗಿ ಎರಡು ಕದಗಳನ್ನೂ ಪೂರ್ತಿ ತೆರೆದು, ಒಂದೊಂದಕ್ಕೂ ಒಂದು ಕಲ್ಲು ಒತ್ತಿಟ್ಟು ಬಂದಳು.

"ಹೆದರಿಕೆ ಆದ್ರೆ ಆಗಲಿ," ಎಂದಳು. "ಅದರ ಜೊತೆ ಜಗಳ ಆಡಬೇಡಿ, ಇನ್ನೂ ಜೋರಾಗತ್ತೆ. ನನಗೆ ಗೊತ್ತು. ಬಾಗಿಲು ತೆಗೆದಿಟ್ಟೇ ಊಟ ಮಾಡೋಣ."

ಬೀದಿಯಲ್ಲಿ ಹೋಗುವವರು ಒಳಗೆ ಇಣುಕಿ ನೋಡುತ್ತ ಹೋದರು. ಅತ್ತೆ ಒಬ್ಬರಿಗೆ ಬನ್ನಿ, ಊಟ ಮಾಡಿ ಎಂದು ಕೈಯಾಡಿಸಿದರು. ಅವನು ಸ್ವಲ್ಪ ಹೊತ್ತು ಬಾಗಿಲ ಕಡೆಯೇ ನೋಡಿ, ಆಮೇಲೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಅನ್ನ ಕಲಸತೊಡಗಿದ.